ಮುಚ್ಚಲು ಮರೆತ ನಾಳ: ತೂಕ ಇಳಿದಾಗ ಕಿವಿಗೇನಾಗುತ್ತದೆ?

ಕುಂದಾಪುರ ಸೀಮೆಯ ಕೋಟೇಶ್ವರದ ಪಕ್ಕದ ಊರು ಬೀಜಾಡಿ. ಅಲ್ಲಿನ ಕಡಲ ದಂಡೆಯಲ್ಲಿ ದೊಡ್ಡ ಶಂಖವೊಂದು ಸಿಕ್ಕರೆ ಮಕ್ಕಳು ಮೊದಲು ಮಾಡುವ ಕೆಲಸ ಅದನ್ನು ಕಿವಿಗೆ – ಆ ಕಡೆಯ ಮಾತಿನಲ್ಲಿ ‘ಕೆಮಿ’ಗೆ – ಹಿಡಿಯುವುದು. ಒಳಗೆ ಅಲೆ ಮೊರೆದಂತೆ ಕೇಳುತ್ತದೆ. ಅದು ಕಡಲಿನ ಸದ್ದಲ್ಲ. ಸುತ್ತಲಿನ ಸದ್ದುಗಳಲ್ಲಿ ಕೆಲವನ್ನು ಶಂಖದ ಟೊಳ್ಳು ಅನುರಣನದಿಂದ ಹಿಗ್ಗಿಸುತ್ತದೆ, ಅಷ್ಟೆ. ಆದರೆ ಶಂಖವಿಲ್ಲದೆಯೇ ಕೆಲವರ ಕಿವಿಯಲ್ಲಿ ಅಲೆ ಏರಿ ಇಳಿದಂತೆ ಕೇಳುವುದುಂಟು. ಲೆಕ್ಕ ಹಿಡಿದು ನೋಡಿದರೆ ಅದು ಅವರದೇ ಉಸಿರು! ಮಾತಾಡಿದರೆ ತಮ್ಮ ದನಿಯೇ ಕೊಡದೊಳಗೆ ಕೂಗಿದಂತೆ ಮೊಳಗುತ್ತದೆ. ಇವರಲ್ಲಿ ಅನೇಕರು ಇತ್ತೀಚೆಗೆ ಕಾಯಿಲೆಯಿಂದಲೋ ಕಟ್ಟುನಿಟ್ಟಿನ ಪಥ್ಯದಿಂದಲೋ ಬೇಗನೆ ತೂಕ ಕಳೆದುಕೊಂಡವರು.

ಕಿವಿಯಿಂದ ಉಸಿರಾಡುವ ಮಾತು ಬಹಳ ಹಳೆಯದು. ಆಡುಗಳು ಕಿವಿಯ ಮೂಲಕ ಉಸಿರಾಡುತ್ತವೆಂದು ಗ್ರೀಸಿನ ಆಲ್ಕ್‌ಮಿಯಾನ್ ಹೇಳಿದ್ದನು. ಅದು ತಪ್ಪೆಂದು ಅರಿಸ್ಟಾಟಲ್ ತಳ್ಳಿಹಾಕಿದನು. ಆಲ್ಕ್‌ಮಿಯಾನನ ಊಹೆ ತಪ್ಪೇ ಆದರೂ ಕಿವಿಗೂ ಗಂಟಲಿಗೂ ನಡುವೆ ದಾರಿಯಿರುವುದು ನಿಜ. ಆ ದಾರಿಯನ್ನು ವಿವರವಾಗಿ ಬಣ್ಣಿಸಿದವನು ರೋಮ್‌ನ ಅಂಗರಚನಾ ವಿಜ್ಞಾನಿ ಬಾರ್ತೊಲೊಮಿಯೊ ಯೂಸ್ಟೇಷಿ. ಅವನ ಬರಹ 1564ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. 1704ರಲ್ಲಿ ಮಾನವ ಕಿವಿಯ ಬಗ್ಗೆ ಗ್ರಂಥ ಬರೆದ ಬೊಲೊನಾದ ವಾಲ್ಸಾಲ್ವ, ಆ ನಾಳಕ್ಕೆ ಯೂಸ್ಟೇಷಿಯ ಹೆಸರನ್ನೇ ಇಟ್ಟನು. ವಯಸ್ಕರಲ್ಲಿ ಇದರ ಉದ್ದ ಸುಮಾರು 3.5 ಸೆಂಟಿಮೀಟರ್. ಕಿವಿಯ ಕಡೆಯ ಮೂರನೇ ಒಂದು ಭಾಗ ಮೂಳೆಯದು, ಗಂಟಲ ಕಡೆಯ ಉಳಿದ ಭಾಗ ಮೃದ್ವಸ್ಥಿಯದು. ಕಿವಿತಮಟೆಯ ಎರಡೂ ಬದಿಗಳಲ್ಲಿ ಗಾಳಿಯ ಒತ್ತಡ ಸಮನಾಗಿರುವಂತೆ ನೋಡಿಕೊಳ್ಳುವುದು ಇದರ ಕೆಲಸ. ಆಗುಂಬೆ ಘಾಟಿ ಇಳಿಯುವಾಗ ಕಿವಿ ಕಟ್ಟಿ, ಎಂಜಲು ನುಂಗಿದೊಡನೆ ‘ಟಕ್’ ಎಂದು ಬಿಡುವುದು ನಿಮಗೆ ಗೊತ್ತೇ ಇದೆ.

ಇಲ್ಲೊಂದು ಪ್ರಶ್ನೆ. ಈ ನಾಳ ಸದಾ ತೆರೆದಿರುತ್ತದೆಯೆ? ಬಹುಕಾಲ ವಿದ್ವಾಂಸರು ಹಾಗೆಂದೇ ನಂಬಿದ್ದರು. ಲಂಡನ್ನಿನ ಕಿವಿ ವೈದ್ಯ ಜೋಸೆಫ್ ಟಾಯ್ನ್‌ಬೀ 1853ರಲ್ಲಿ ಇದಕ್ಕೆ ವಿರುದ್ಧವಾದದ್ದನ್ನು ತೋರಿಸಿಕೊಟ್ಟನು. ನಾಳ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ನುಂಗುವಾಗ ಸ್ನಾಯುಗಳು ಎಳೆದು ಕ್ಷಣಕಾಲ ತೆರೆಯುತ್ತವೆ. (ಈತನ ಕೊನೆ ದುರಂತಮಯ. ಕಿವಿಮೊರೆತಕ್ಕೆ ಮದ್ದು ಹುಡುಕುತ್ತ, ಕ್ಲೋರೋಫಾರ್ಮ್ ಮತ್ತು ಹೈಡ್ರೋಸಯಾನಿಕ್ ಆಮ್ಲದ ಆವಿಯನ್ನು ತಾನೇ ಸೇದಿ 1866ರಲ್ಲಿ ಸತ್ತನು.)

ಮುಚ್ಚಿರುವುದೇ ಸಹಜ ಎಂದು ತಿಳಿದ ಮೇಲಷ್ಟೇ ತೆರೆದೇ ಉಳಿಯುವುದು ಒಂದು ತೊಂದರೆಯಾಗಿ ಕಣ್ಣಿಗೆ ಬಿದ್ದಿತು. 1864ರಲ್ಲಿ ಜರ್ಮನಿಯ ಹರ್ಮನ್ ಶ್ವಾರ್ಟ್ಸ್, ರೋಗಿಯ ಕಿವಿತಮಟೆ ಉಸಿರಿನೊಂದಿಗೆ ಒಳಹೊರಗೆ ಆಡುತ್ತಿದ್ದುದನ್ನು ಕಂಡು ದಾಖಲಿಸಿದನು. ಮೂರು ವರ್ಷದ ನಂತರ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರದೇಶದ ವೈದ್ಯ ಜೇಮ್ಸ್ ಜಾಗೊ ಇದೇ ಸ್ಥಿತಿಯ ಬಗ್ಗೆ ಬರೆದನು. ಅವನು ಬಣ್ಣಿಸಿದ್ದು ತನ್ನದೇ ಕಿವಿಯ ಅನುಭವವನ್ನು.

ತೂಕಕ್ಕೂ ಇದಕ್ಕೂ ಏನು ನಂಟು? ನಾಳದ ಮೃದ್ವಸ್ಥಿ ಭಾಗದ ಹೊರಬದಿಯಲ್ಲಿ ಕೊಬ್ಬಿನ ಪುಟ್ಟ ಮೆತ್ತೆಯೊಂದಿದೆ. 1893ರಲ್ಲಿ ಅದನ್ನು ವಿವರಿಸಿದವನ ಹೆಸರಿನಿಂದ ಅದಕ್ಕೆ ಆಸ್ಟ್‌ಮನ್ ಕೊಬ್ಬು ಎನ್ನುತ್ತಾರೆ. ನಾಳದ ಗೋಡೆಗಳನ್ನು ಒತ್ತಿ ಮುಚ್ಚಿಡಲು ಇದು ನೆರವಾಗುತ್ತದೆ. ಮೈಯ ಕೊಬ್ಬು ಬೇಗ ಕರಗುವಾಗ ಈ ಮೆತ್ತೆಯೂ ಬಡವಾಗುತ್ತದೆ. ಗೋಡೆಗಳು ಸರಿಯಾಗಿ ಕೂಡುವುದಿಲ್ಲ. ಆಗ ಗಂಟಲಿನ ದನಿ, ಉಸಿರು ಎರಡೂ ನೇರವಾಗಿ ಮಧ್ಯಕಿವಿಗೆ ನುಗ್ಗುತ್ತವೆ. ಇಳಿದ ತೂಕವೊಂದೇ ಇದಕ್ಕೆ ಕಾರಣವಲ್ಲ, ಬಸಿರಿನಲ್ಲೂ ಕೆಲವರಿಗೆ ಹೀಗಾಗುತ್ತದೆ. ಕಾರಣವೇ ಸಿಗದವರೂ ಇದ್ದಾರೆ.

ಮೋಸವಿರುವುದು ಇಲ್ಲಿಯೇ. ನಾಳ ತೆರೆದಿದ್ದರೂ ರೋಗಿಗೆ ಅನಿಸುವುದು ‘ಕಿವಿ ಮುಚ್ಚಿದೆ’ ಎಂದು! ನೆಗಡಿಯಲ್ಲಿ ನಾಳ ಊದಿ ಕಟ್ಟಿಕೊಂಡಾಗಲೂ ಅವನು ಅದನ್ನೇ ಹೇಳುತ್ತಾನೆ. ದೂರು ಒಂದೇ, ಕಾರಣ ಮಾತ್ರ ತದ್ವಿರುದ್ಧ. ಆದ್ದರಿಂದ ಮೂಗು ಬಿಡಿಸುವ ಹನಿಯೋ ಮಾತ್ರೆಯೋ ಕೈಗೆ ಬರುತ್ತದೆ. ಅವು ಊತವನ್ನು ಇಳಿಸುವ ಮದ್ದುಗಳು. ಮೊದಲೇ ಸಡಿಲವಾದ ನಾಳವನ್ನು ಇನ್ನಷ್ಟು ಸಡಿಲಗೊಳಿಸುತ್ತವೆ. ಕೆಲವರು ತಾವಾಗಿಯೇ ಒಂದು ಉಪಾಯ ಕಂಡುಕೊಳ್ಳುತ್ತಾರೆ: ಮೂಗನ್ನು ಜೋರಾಗಿ ಒಳಕ್ಕೆಳೆದರೆ ಗಾಳಿ ಹೀರಿ ನಾಳ ಕ್ಷಣಕಾಲ ಮುಚ್ಚುತ್ತದೆ, ಹಾಯೆನಿಸುತ್ತದೆ. ಇದೇ ಚಟವಾಗಿ ವರ್ಷಗಟ್ಟಲೆ ನಡೆದರೆ ಕಿವಿತಮಟೆ ಒಳಕ್ಕೆ ಜಗ್ಗಿ ಚೀಲದಂತಾಗಬಹುದು. ಅಲ್ಲಿಂದ ಮೂಳೆ ತಿನ್ನುವ ಕೊಲೆಸ್ಟಿಯಾಟೋಮ ಎಂಬ ಗಂಭೀರ ತೊಂದರೆಯೂ ಹುಟ್ಟಬಹುದು.

ವೈದ್ಯರೂ ಎಡವಿದ್ದುಂಟು. 1967ರಲ್ಲಿ ಅಮೆರಿಕದ ಜ್ಯಾಕ್ ಪುಲೆಕ್, ನಾಳದ ಬಾಯಿಯ ಬಳಿ ಟೆಫ್ಲಾನ್ ಸರಿಯನ್ನು ಚುಚ್ಚಿ ಕಳೆದುಹೋದ ಮೆತ್ತೆಗೆ ಬದಲಿಯೊದಗಿಸುವ ವಿಧಾನವನ್ನು ಪ್ರಕಟಿಸಿದರು. ಯೋಚನೆ ಚೆನ್ನಾಗಿಯೇ ಇತ್ತು. ಆದರೆ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಧಮನಿ ಅಲ್ಲೇ ಪಕ್ಕದಲ್ಲಿದೆ. ಸೂಜಿ ತಪ್ಪಿ ಅದರೊಳಗೆ ಸರಿ ಹೊಕ್ಕು ಸಾವುಗಳಾದವು, ವಿಧಾನ ಮೂಲೆ ಸೇರಿತು.

ಈ ಹಳೆಯ ಕತೆ ಈಗೇಕೆ ಎನ್ನುವಿರಾ? ಹಸಿವು ತಗ್ಗಿಸಿ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು, ಟಿರ್ಜೆಪಟೈಡ್ ಮತ್ತು ಸೆಮಾಗ್ಲುಟೈಡ್, 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಇವುಗಳಿಂದ ಬೇಗ ತೂಕ ಇಳಿದವರಲ್ಲಿ ನಾಳ ತೆರೆದುಕೊಂಡ ವರದಿಗಳು ವೈದ್ಯ ಪತ್ರಿಕೆಗಳಲ್ಲಿ ಕಾಣತೊಡಗಿವೆ. ಬೊಜ್ಜು ಕರಗಿಸುವ ಶಸ್ತ್ರಚಿಕಿತ್ಸೆಯ ನಂತರವೂ ಹೀಗಾಗುವುದು ಮೊದಲೇ ಗೊತ್ತಿತ್ತು. ಹೆದರಿ ಮದ್ದು ಬಿಡಬೇಕೆಂದು ಇದರರ್ಥವಲ್ಲ. ತೂಕ ಇಳಿದದ್ದನ್ನು ಕಿವಿ ವೈದ್ಯರಿಗೆ ಹೇಳಬೇಕು; ಕಿವಿಗೂ ಹೊಟ್ಟೆಗೂ ಏನು ಸಂಬಂಧವೆಂದು ರೋಗಿಗಳು ಅದನ್ನು ಹೇಳುವುದೇ ಇಲ್ಲ. ಇನ್ನೊಂದು ಸುಳಿವನ್ನೂ ಹೇಳಬೇಕು: ಮಲಗಿದಾಗ ಅಥವಾ ತಲೆಯನ್ನು ಮೊಣಕಾಲುಗಳ ನಡುವೆ ಬಗ್ಗಿಸಿದಾಗ ಸದ್ದು ನಿಲ್ಲುತ್ತದೆಯೆ? ಆಗ ನಾಳದ ಸುತ್ತಲಿನ ಸಿರೆಗಳು ರಕ್ತ ತುಂಬಿ ಉಬ್ಬುವುದರಿಂದ ನಾಳ ಮುಚ್ಚಿಕೊಳ್ಳುತ್ತದೆ. ನೆಗಡಿಯ ಕಿವಿ ಹೀಗೆ ಬಗ್ಗಿದೊಡನೆ ಬಿಡುವುದಿಲ್ಲ.

ಅನೇಕರಿಗೆ ಸಾಕಷ್ಟು ನೀರು ಕುಡಿಯುವುದು, ಮೂಗಿಗೆ ಉಪ್ಪುನೀರಿನ ಹನಿ, ತುಸು ತೂಕ ಮರಳುವುದು ಇಷ್ಟರಿಂದಲೇ ಹಗುರಾಗುತ್ತದೆ. ಪತ್ತೆಗೆ ದೂರ ಹೋಗಬೇಕಾಗಿಯೂ ಇಲ್ಲ. ಬೀಜಾಡಿಯಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ 1953ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ಊರು ಮಣಿಪಾಲ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿತಮಟೆಯ ಚಲನೆಯನ್ನು ಅಳೆಯುವ ಟಿಂಪನೋಮೀಟರ್ ಕಿವಿಗಿಟ್ಟು, ಒಂದು ಮೂಗಿನ ಹೊಳ್ಳೆ ಮುಚ್ಚಿ ದೀರ್ಘವಾಗಿ ಉಸಿರಾಡಲು ಹೇಳುತ್ತಾರೆ. ಶ್ವಾರ್ಟ್ಸ್ ಬರಿಗಣ್ಣಿನಲ್ಲಿ ಕಂಡದ್ದು ಪರದೆಯ ಮೇಲೆ ಗೆರೆಯಾಗಿ ಏರಿಳಿಯುತ್ತದೆ, ಉಸಿರಿಗೊಂದು ಅಲೆಯಂತೆ.