ಒತ್ತಡದಿಂದ ಹೊಟ್ಟೆ ಬರುತ್ತದೆಯೇ? ಯೋಗದಿಂದ ಕರಗುತ್ತದೆಯೇ?

'7 ದಿನ ಕಪಾಲಭಾತಿ ಮಾಡಿ, ಹೊಟ್ಟೆ ಕರಗಿಸಿ' ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ ಎನ್ನುತ್ತೇವೆ ನಾವು.

ಒತ್ತಡ ವಾರಗಟ್ಟಲೆ ಮುಂದುವರಿದರೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಹಾರ್ಮೋನನ್ನು ಹೆಚ್ಚು ಸ್ರವಿಸಬಹುದು. ಆಗ ಸಿಹಿ, ಕರಿದ ತಿಂಡಿಯತ್ತ ಮನಸ್ಸು ಎಳೆಯುತ್ತದೆ. ಕೊಬ್ಬು ಹೊಟ್ಟೆಯ ಭಾಗದಲ್ಲಿ ಸೇರುತ್ತದೆ. ನಿದ್ದೆಗೆಟ್ಟರೆ ಹಸಿವು ಇನ್ನೂ ಹೆಚ್ಚು. ಕೆಲವರಿಗೆ ಮಾತ್ರ ಊಟವೇ ಸೇರದೆ ತೂಕ ಇಳಿಯುತ್ತದೆ.

ಕ್ಯಾಲೊರಿ ಸುಡಲು ನಿಧಾನದ ಆಸನಗಳಿಗಿಂತ ಬಿರುಸಿನ ನಡಿಗೆಯೇ ಮೇಲು. ಯೋಗದ ಉಪಯೋಗ ಬೇರೆ ಕಡೆ ಇದೆ: ನಿಮಿಷಕ್ಕೆ ಸುಮಾರು 6 ಬಾರಿಯ ನಿಧಾನ ಉಸಿರಾಟ ವೇಗಸ್ ನರದ ಮೂಲಕ ಎದೆಬಡಿತವನ್ನು ಶಾಂತಗೊಳಿಸುತ್ತದೆ. ನಿದ್ದೆ ಸುಧಾರಿಸಿದರೆ ರಾತ್ರಿ ಡಬ್ಬಿಗೆ ಕೈಹಾಕುವುದೂ ತಗ್ಗಬಹುದು.

ಗರ್ಭಿಣಿಯರಿಗೆ, ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ ಕಪಾಲಭಾತಿ ಬೇಡ. ಕಾರಣವಿಲ್ಲದೆ ತೂಕ ಏರಿಳಿದರೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ಸಮಸ್ಯೆಯೂ ಇರಬಹುದು.