ಮೀಸೆಯ ತಾಯಿ

ಹೊಟ್ಟೆಪಾಡಿಗೆ ಅರಬ್ಬಿ ಸಮುದ್ರ ದಾಟಿದವರು ನಾವೇ ಮೊದಲಿಗರಲ್ಲ. 1907ರಲ್ಲಿ ಸೌರಾಷ್ಟ್ರದ ಒಬ್ಬ ಯುವಕ ದುಡಿಮೆ ಹುಡುಕಿಕೊಂಡು ಪೂರ್ವ ಆಫ್ರಿಕಾಕ್ಕೆ ಹೋದ. ಹೆಸರು ಗಿಜುಭಾಯಿ ಬಧೇಕಾ. ಕೆಲ ಕಾಲಕ್ಕೇ ವಾಪಸ್ ಬಂದು ಕಾನೂನು ಓದಿ ವಕೀಲಿಕೆಗೆ ಕೂತರು. 1913ರಲ್ಲಿ ಮಗ ಹುಟ್ಟಿದ. ಇವನನ್ನು ಹೇಗೆ ಓದಿಸೋದು ಅನ್ನುವ ಚಿಂತೆಯಲ್ಲಿ ಮಾಂಟೆಸ್ಸರಿ ಪುಸ್ತಕ ಕೈಗೆ ಬಂತು. ಅಲ್ಲಿಗೆ ವಕೀಲಿಕೆ ಮುಗಿದ ಹಾಗೇ. 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು, 1920ರಲ್ಲಿ ಅಲ್ಲೇ ಬಾಲಮಂದಿರ ತೆರೆದರು.

ಛಡಿ ಏಟಿನ ಕಾಲ ಅದು. ಮಗ್ಗಿ ಬರದಿದ್ದರೆ ಬೆನ್ನು ಕೆಂಪು. ಅಂಥಾ ಹೊತ್ತಿನಲ್ಲಿ ಈ ಮನುಷ್ಯ ಮಕ್ಕಳ ನಡುವೆ ಕೂತು ಕಥೆ ಹೇಳುತ್ತಿದ್ದರು. ಮಕ್ಕಳು ಇವರನ್ನು ‘ಮೂಛಾಳಿ ಮಾ’, ಅಂದರೆ ಮೀಸೆಯಿರುವ ಅಮ್ಮ ಅಂತಲೇ ಕರೆದರು. ಇದಕ್ಕಿಂತ ದೊಡ್ಡ ಬಿರುದು ಯಾವ ಸರಕಾರ ಕೊಟ್ಟೀತು ಹೇಳಿ!

ಅವರ ‘ದಿವಾಸ್ವಪ್ನ’ ಓದಿದವರಿಗೆ ಆ ಮೇಷ್ಟ್ರ ಮೊದಲ ದಿನದ ಪಾಡು ನೆನಪಿರಬಹುದು. ನಾಲ್ಕನೇ ಕ್ಲಾಸಿನಲ್ಲಿ ಶಾಂತಿಯ ಆಟ ಆಡಿಸಹೋಗಿ, ಗದ್ದಲಕ್ಕೆ ಸುಸ್ತಾಗಿ ಬಿಡುತ್ತಾರೆ. ಮಾರನೇ ದಿನ ಒಂದು ರಾಜನ ಕಥೆ ಶುರು ಮಾಡಿದರು ನೋಡಿ, ಕ್ಲಾಸೇ ಗಪ್‌ಚುಪ್! ಕಥೆ ದಿನಗಟ್ಟಲೆ ಬೆಳೆಯುತ್ತದೆ. ಪಾಠ ಯಾವಾಗ ಅಂತ ಹೆಡ್‌ಮಾಸ್ಟರಿಗೆ ಸಿಟ್ಟು. ಆದರೆ ಕಥೆ ಕೇಳಿದ ಮಕ್ಕಳೇ ಪುಸ್ತಕ ಬೇಕು ಅಂತಾರೆ, ಕ್ಲಾಸಿಗೊಂದು ಪುಟ್ಟ ಲೈಬ್ರರಿ ಬರುತ್ತದೆ, ಕೊನೆಗೆ ಕಥೆಯನ್ನೇ ನಾಟಕ ಆಡುತ್ತಾರೆ. ಕಿವಿಯಿಂದ ಕಣ್ಣಿಗೆ, ಅಲ್ಲಿಂದ ನಾಲಿಗೆಗೆ. ನನ್ನ ಮಟ್ಟಿಗೆ ಇಡೀ ಪುಸ್ತಕದ ಜೀವ ಇರೋದು ಈ ದಾರಿಯಲ್ಲೇ.

ಕಥೆ ಹೇಳೋದನ್ನು ಅವರು ಹುಟ್ಟುಗುಣ ಅಂತ ಬಿಡಲಿಲ್ಲ. ‘ವಾರ್ತಾನುಂ ಶಾಸ್ತ್ರ’ ಅಂತ ಪುಸ್ತಕವನ್ನೇ ಬರೆದರು. ಯಾವ ವಯಸ್ಸಿಗೆ ಎಂಥ ಕಥೆ, ಹೇಗೆ ಆರಿಸೋದು, ಹೇಗೆ ಹೇಳೋದು, ಎಲ್ಲಾ ಅದರಲ್ಲಿದೆ. ಕಥೆಯ ಮೊದಲ ಕೆಲಸ ಖುಷಿ ಕೊಡೋದು, ನೀತಿಯನ್ನು ಬಾಲದ ಹಾಗೆ ಅಂಟಿಸಬಾರದು ಅನ್ನೋದು ಅವರ ನಿಲುವು. ನಮ್ಮ ತಾಳಮದ್ದಲೆಯ ಅರ್ಥಧಾರಿಗಳಿಗೆ ಈ ಗುಟ್ಟು ಹೊಸದೇನಲ್ಲ. ಅವರು ಹಿರಿಯರ ಪಕ್ಕ ಕೂತು ಕಲಿತರು. ಗಿಜುಭಾಯಿ ಅದನ್ನು ಶಾಲೆಯ ಮೇಷ್ಟ್ರಿಗೂ ಕಲಿಸಬಹುದು ಅಂದರು.

ಇಲ್ಲಿ ನಮ್ಮ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತವೆ. ವಾರಾಂತ್ಯದ ಕನ್ನಡ ಕ್ಲಾಸಿನಲ್ಲಿ ಕಾಗುಣಿತದಿಂದಲೇ ಶುರು. ಮೊದಲ ಒಂದು ತಿಂಗಳು ಸ್ಲೇಟು ಬದಿಗಿಟ್ಟು ಬರೀ ಕಥೆ ಹೇಳಿ, ಆಮೇಲೆ ಅವರಿಂದಲೇ ಹೇಳಿಸಿದರೆ ಹೇಗೆ? ಡ್ಯೂಟಿ ಮುಗಿಸಿ ಬಂದವರಿಗೂ ಇಪ್ಪತ್ತು ನಿಮಿಷ ಸಿಕ್ಕೀತು. ಕುಟುಂಬ ಊರಲ್ಲೇ ಇದ್ದರೆ ವಿಡಿಯೋ ಕಾಲ್ ಇದ್ದೇ ಇದೆ.