ಪಾಪ ಒಬ್ಬರದು, ನೋವು ಇನ್ನೊಬ್ಬರದು

ಕುಡಿತಕ್ಕೆ ದಾಸನಾದ ತಂದೆಯ ಮನೆಯಲ್ಲಿ ಹಸಿದು ಮಲಗುವ ಮಗುವನ್ನು ಕಂಡು, "ಈ ಕಂದ ಮಾಡಿದ ತಪ್ಪಾದರೂ ಏನು?" ಎಂದು ನೀವು ಮರುಗಿರಬಹುದು. ಈ ಪ್ರಶ್ನೆ ಹೊಸದಲ್ಲ. ಸುಮಾರು ಸಾವಿರದ ಆರುನೂರು ವರ್ಷಗಳ ಹಿಂದೆ ಒಂದು ಮಹಾನಗರದ ಪತನವು ಇದನ್ನೇ ಧರ್ಮಸಭೆಯ ಮುಂದಿಟ್ಟಿತು.

ಕ್ರಿ.ಶ. 410ರ ಆಗಸ್ಟ್ 24ರಂದು ಅಲಾರಿಕನ ವಿಸಿಗೋಥ್ ಪಡೆಗಳು ರೋಮ್ ನಗರವನ್ನು ಹೊಕ್ಕು ಮೂರು ದಿನ ಸೂರೆಗೈದವು. ಸುಮಾರು ಎಂಟು ಶತಮಾನಗಳ ಕಾಲ ಹೊರಗಿನ ಶತ್ರುವಿಗೆ ವಶವಾಗದಿದ್ದ ನಗರವದು. ನಿರಾಶ್ರಿತರು ಸಮುದ್ರ ದಾಟಿ ಉತ್ತರ ಆಫ್ರಿಕಾಕ್ಕೆ ಬಂದರು. ಹಳೆಯ ದೇವತೆಗಳನ್ನು ತೊರೆದುದೇ ಈ ವಿಪತ್ತಿಗೆ ಕಾರಣವೆಂದು ಕೆಲವರು ಕ್ರೈಸ್ತರನ್ನು ದೂಷಿಸಿದರು. ಕ್ರೈಸ್ತರನ್ನೋ ಬೇರೊಂದು ಪ್ರಶ್ನೆ ಕಾಡಿತು: ದುಷ್ಟರೊಡನೆ ನಿರಪರಾಧಿಗಳೂ ಏಕೆ ನಲುಗಬೇಕು?

ಹಿಪ್ಪೋ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಅಗಸ್ಟೀನರು ಇದಕ್ಕೆ ಉತ್ತರವಾಗಿ 413ರಲ್ಲಿ 'ದೇವನಗರ' ಗ್ರಂಥವನ್ನು ಆರಂಭಿಸಿದರು. ಅದರ 22 ಭಾಗಗಳು ಪೂರ್ಣಗೊಂಡದ್ದು 426ರ ಸುಮಾರಿಗೆ. ಒಳ್ಳೆಯವರೂ ಕೆಟ್ಟವರೂ ಒಂದೇ ಲೋಕದಲ್ಲಿ ಕೂಡಿ ಬಾಳುತ್ತಾರೆ. ಆದ್ದರಿಂದ ಲೋಕದ ಕೇಡು ಇಬ್ಬರನ್ನೂ ತಟ್ಟುತ್ತದೆ. ಆದರೆ ನೋವು ಒಂದೇ ಆದ ಮಾತ್ರಕ್ಕೆ ನೋಯುವವರು ಒಂದೇ ಅಲ್ಲ ಎಂಬುದು ಅವರ ವಾದ.

ಸೈನಿಕರಿಂದ ಬಲಾತ್ಕಾರಕ್ಕೊಳಗಾದ ಸ್ತ್ರೀಯರ ವಿಷಯದಲ್ಲಿ ಈ ಮಾತು ಅತ್ಯಂತ ಸ್ಪಷ್ಟವಾಗುತ್ತದೆ. ಮಾನಭಂಗವಾದ ಬಳಿಕ ಪ್ರಾಣ ಕಳೆದುಕೊಂಡ ಲುಕ್ರೀಷಿಯಾಳನ್ನು ರೋಮನ್ ಪರಂಪರೆ ಕೊಂಡಾಡುತ್ತಿತ್ತು. ಅಗಸ್ಟೀನರಾದರೋ, ಪಾವಿತ್ರ್ಯವು ಮನಸ್ಸಿನ ಸಂಕಲ್ಪದಲ್ಲಿದೆ, ಇನ್ನೊಬ್ಬನ ಕ್ರೌರ್ಯ ಅದನ್ನು ಕಸಿಯಲಾರದು ಎಂದು ಬೋಧಿಸಿದರು. ಅನ್ಯರ ಪಾಪಕ್ಕಾಗಿ ಆಕೆ ತನ್ನನ್ನು ದಂಡಿಸಿಕೊಳ್ಳಬೇಕಾಗಿಲ್ಲ. ಪಾಪದ ಪರಿಣಾಮ ಆಕೆಯ ಮೇಲೆ ಬಿದ್ದಿತು, ನಿಜ. ಪಾಪದ ಹೊಣೆ ಬೀಳಲಿಲ್ಲ.

ಈ ವಿವೇಕದ ಬೇರು ಪವಿತ್ರ ಗ್ರಂಥದಲ್ಲಿದೆ. ತಂದೆಯ ದೋಷವನ್ನು ಮಗನು ಹೊರಬೇಕಾಗಿಲ್ಲವೆಂದು ಬಾಬಿಲೋನಿನ ಸೆರೆಯಲ್ಲಿದ್ದ ಜನರಿಗೆ ಪ್ರವಾದಿ ಯೆಜೆಕಿಯೇಲನು ಸಾರಿದನು. ಸಿಲೋವದ ಗೋಪುರ ಕುಸಿದು ಮಡಿದ 18 ಮಂದಿ ಇತರರಿಗಿಂತ ಹೆಚ್ಚಿನ ಪಾಪಿಗಳಾಗಿರಲಿಲ್ಲವೆಂದು ಯೇಸುಸ್ವಾಮಿ ತಿಳಿಸಿದರು. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಯಾರ ಪಾಪವೆಂದು ವಿಚಾರಿಸಿದಾಗ, ಅವನದೂ ಅಲ್ಲ, ಹೆತ್ತವರದೂ ಅಲ್ಲ ಎಂದರು. ಅಷ್ಟಕ್ಕೇ ನಿಲ್ಲದೆ ಅವನಿಗೆ ದೃಷ್ಟಿ ನೀಡಿದರು. ಜನ್ಮಪಾಪವು ಆದಾಮನ ಸಂತತಿಯವರಲ್ಲಿ ವೈಯಕ್ತಿಕ ಅಪರಾಧವಲ್ಲವೆಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವೂ ಹೇಳುತ್ತದೆ. ನಾವು ಹುಟ್ಟುವುದು ಗಾಯಗೊಂಡ ಮಾನವಕುಲದಲ್ಲಿ. ಆ ಗಾಯದ ನೋವು ನಮಗೂ ಬರುತ್ತದೆ.

ಇಷ್ಟಾದರೂ ಹಸಿದ ಮಗುವಿನ ಕಣ್ಣೀರಿಗೆ ವಾದವೊಂದೇ ಸಾಂತ್ವನವಾಗದು. ಕ್ರೈಸ್ತ ವಿಶ್ವಾಸವು ಕೊನೆಗೆ ಬೆರಳು ತೋರುವುದು ಶಿಲುಬೆಯತ್ತ. ಅಲ್ಲಿ ಪಾಪವರಿಯದ ದೇವಪುತ್ರನೇ ಪಾಪದ ಫಲವನ್ನು ಉಂಡನು. ನಿರಪರಾಧಿಯ ನೋವಿನಲ್ಲಿ ದೇವರು ದೂರ ನಿಂತಿಲ್ಲ.

ಅಗಸ್ಟೀನರು 430ರ ಆಗಸ್ಟ್ 28ರಂದು ಕಣ್ಣು ಮುಚ್ಚಿದಾಗ ವಾಂಡಲರ ಸೈನ್ಯ ಹಿಪ್ಪೋ ನಗರಕ್ಕೆ ಮುತ್ತಿಗೆ ಹಾಕಿತ್ತು. ನೊಂದವರಿಗಾಗಿ ಬರೆದವರು ನೊಂದವರ ನಡುವೆಯೇ ಮಡಿದರು.

ಆದ್ದರಿಂದ ಓದುಗರೇ, ನಿಮ್ಮ ನೆರೆಮನೆಯಲ್ಲಿ ಅಂಗವಿಕಲ ಮಗು ಹುಟ್ಟಿದಾಗ, ಅಕಾಲ ಮರಣ ಸಂಭವಿಸಿದಾಗ, "ಯಾರ ಪಾಪವೋ!" ಎಂಬ ಮಾತು ನಾಲಿಗೆಗೆ ಬಂದರೆ ತಡೆಯಿರಿ. ಆ ಮನೆಯವರಿಗೆ ಬೇಕಾದದ್ದು ನಿಮ್ಮ ತೀರ್ಪಲ್ಲ. ಹೋಗಿ ಅವರ ಬಳಿ ಕುಳಿತುಕೊಳ್ಳಿ.